ಒದ್ದೆ ಬಟ್ಟೆ ಒಣಗಲಿ, ಆಮೇಲೆ ಫಿನಾಯಿಲ್ ಮಾತು

ನಾನು ಮದುವೆಯಾಗಿ ಕುಂದಾಪುರದ ಕಡೆಯಿಂದ ಮುಂಬೈಗೆ ಬಂದದ್ದು 1979ರಲ್ಲಿ. ಘಾಟ್‌ಕೋಪರಿನ ಚಾಳಿನಲ್ಲಿ, ಅಂದರೆ ಸಾಲು ಕೋಣೆಗಳ ಕಟ್ಟಡದಲ್ಲಿ, ಒಂದೇ ಖೋಲಿ, ಮೂಲೆಯಲ್ಲಿ ಮೋರಿ, ಸಂಡಾಸಿಗೆ ಸಾಲು. ಎರಡು ಗಂಡುಮಕ್ಕಳನ್ನು ಅಲ್ಲೇ ದೊಡ್ಡದು ಮಾಡಿದೆ. ಈಗ ಮುಲುಂಡಿನಲ್ಲಿ ಮಗ ಸೊಸೆಯ ಜೊತೆ ಇದ್ದೇನೆ. ಐದು ವರ್ಷದ ಮೊಮ್ಮಗಳು, ಹನ್ನೊಂದು ತಿಂಗಳ ಮೊಮ್ಮಗ.

ಸಣ್ಣ ಮಕ್ಕಳಿರುವ ಮನೆ ಹೇಗೆ ಚೊಕ್ಕ ಇಡೋದು ಅಂತ ನಮ್ಮ ಬಿಲ್ಡಿಂಗಿನ ಹುಡುಗಿಯರು ಕೇಳುತ್ತಲೇ ಇರುತ್ತಾರೆ. ಅವರ ಮನೆಗೆ ಹೋದರೆ ಸಿಂಕಿನ ಕೆಳಗೆ ಏಳೆಂಟು ಬಾಟಲಿ ಸಾಲಾಗಿ ನಿಂತಿರುತ್ತವೆ, ನೀಲಿ, ಹಸಿರು, ನಿಂಬೆ ವಾಸನೆಯದ್ದು, ಗುಲಾಬಿ ವಾಸನೆಯದ್ದು. ಸಿಂಕಿನ ಮೇಲೆ ನಿನ್ನೆಯ ಮಸಿಬಟ್ಟೆ ಮುದ್ದೆಯಾಗಿ ಬಿದ್ದಿರುತ್ತದೆ. ನಾನು ಮೊದಲು ನೋಡೋದು ಆ ಬಟ್ಟೆಯನ್ನೇ. ಈ ಊರಿನಲ್ಲಿ ಮನೆ ಕೆಡೋದು ಒದ್ದೆಯಿಂದ. ಜೂನ್ ಬಂತು ಅಂದರೆ ಸೆಪ್ಟೆಂಬರ್ ತನಕ ಗಾಳಿಯಲ್ಲೇ ನೀರು ತುಂಬಿರುತ್ತದೆ, ಗೋಡೆ ಬೆವರುತ್ತದೆ, ಚಪ್ಪಲಿಗೆ ಬೂಷ್ಟು ಬರುತ್ತದೆ. ಕ್ರಿಮಿಗೆ ಬೇಕಾದದ್ದು ಮೂರೇ, ತೇವ, ಬೆಚ್ಚಗೆ ಇರೋದು, ಸ್ವಲ್ಪ ಅನ್ನದ ಜಿಡ್ಡು. ಮೂರೂ ಆ ಮುದ್ದೆ ಬಟ್ಟೆಯಲ್ಲಿ ಇವೆ.

ಹಾಗಾಗಿ ಮಸಿಬಟ್ಟೆ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದೇ ಬಟ್ಟೆಯಲ್ಲಿ ಒಲೆ ಕಟ್ಟೆ ಒರೆಸಿ, ಚೆಲ್ಲಿದ ಹಾಲು ಒರೆಸಿ, ಮೀನು ಮುಟ್ಟಿದ ಕೈ ಒರೆಸಿ, ಕೊನೆಗೆ ಮಗುವಿನ ತಟ್ಟೆಯನ್ನೂ ಅದರಲ್ಲೇ ಒರೆಸಿದರೆ ಕಟ್ಟೆಯ ಕೊಳೆಯನ್ನೆಲ್ಲ ನಾವೇ ತಂದು ಮಗುವಿಗೆ ಬಡಿಸಿದ ಹಾಗೆ ಆಯಿತು ಅಲ್ವಾ? ನನ್ನ ಹತ್ತಿರ ಹಳೇ ಹತ್ತಿ ಸೀರೆ ಹರಿದು ಮಾಡಿದ ಹದಿನಾಲ್ಕು ತುಂಡು ಇವೆ. ಬೆಳಿಗ್ಗೆ ಒಂದು, ಮಧ್ಯಾಹ್ನದ ಮೇಲೆ ಒಂದು. ರಾತ್ರಿ ಆ ಎರಡನ್ನೂ ಹಳೇ ಪಾತ್ರೆಯಲ್ಲಿ ಸೋಪಿನ ಪುಡಿ ಹಾಕಿ ಹತ್ತು ನಿಮಿಷ ಕುದಿಸಿ, ಹಿಂಡಿ, ಬಿಡಿಸಿ ಹರವುತ್ತೇನೆ. ಬಟ್ಟೆ ಚೆನ್ನಾಗಿದೆಯಾ ಅಂತ ತಿಳಿಯಬೇಕಾದರೆ ಮೂಗಿನ ಹತ್ತಿರ ಹಿಡಿಯಿರಿ. ಹಳಸಿದ ಗಂಜಿಯ ಹಾಗೆ ಹುಳಿ ವಾಸನೆ ಬಂದರೆ ಅದು ಒಗೆದದ್ದಾದರೂ ಸರಿ, ಮತ್ತೆ ಕುದಿಸಿ.

ಪಾತ್ರೆ ತೊಳೆಯುವ ಸ್ಪಂಜು ಕೂಡ ಅದೇ ಜಾತಿ. ನೀರು ನಿಲ್ಲುವ ಡಬ್ಬಿಯಲ್ಲಿ ಇಡಬೇಡಿ, ಮೊಳೆಗೆ ತೂಗುಹಾಕಿ. ಎರಡು ಮೂರು ವಾರಕ್ಕೆ ಎಸೆದುಬಿಡಿ.

ಮಳೆಗಾಲದಲ್ಲಿ ಒಣಗಿಸೋದೇ ದೊಡ್ಡ ಪಾಡು. ಊರಲ್ಲಾದರೆ ಅಂಗಳ, ಬಚ್ಚಲ ಒಲೆಯ ಬಿಸಿ, ಅಟ್ಟ ಎಲ್ಲ ಇತ್ತು. ಇಲ್ಲಿ ಕಿಟಕಿಯ ಗ್ರಿಲ್ ಅಷ್ಟೇ. ಚಾಳಿನಲ್ಲಿದ್ದಾಗ ಪಕ್ಕದ ಖೋಲಿಯ ಮರಾಠಿ ಅಜ್ಜಿ ಒಬ್ಬರು ನನಗೆ ಕಲಿಸಿಕೊಟ್ಟದ್ದು ಇಸ್ತ್ರಿ. ಫ್ಯಾನಿನ ಕೆಳಗೆ ಅರೆಬರೆ ಆರಿದ ಲಂಗೋಟಿಯ ಮೇಲೆ ಬಿಸಿ ಇಸ್ತ್ರಿ ಇಟ್ಟರೆ ಸುಂಯ್ ಅಂತ ಹಬೆ ಏಳುತ್ತದೆ. ಆ ಹಬೆ ನಿಲ್ಲುವ ತನಕ ಒತ್ತಬೇಕು, ತಿರುಗಿಸಿ ಮತ್ತೆ ಒತ್ತಬೇಕು, ಹೊಲಿಗೆ ಇರುವಲ್ಲಿ ಎರಡು ಸಲ. ಈಗಲೂ ಮಕ್ಕಳ ಚಡ್ಡಿ, ಬಾಯಿ ಒರೆಸುವ ತುಂಡು, ಮಸಿಬಟ್ಟೆ ಎಲ್ಲ ಜುಲೈ ಆಗಸ್ಟ್‌ನಲ್ಲಿ ಇಸ್ತ್ರಿ ಕಂಡೇ ಕಪಾಟಿಗೆ ಹೋಗೋದು. ತೇವದ ಬಟ್ಟೆ ಹಾಕಿ ಹಾಕಿ ಮಗುವಿನ ತೊಡೆಸಂದಿ ಕೆಂಪಾಗುತ್ತದೆ, ಆಮೇಲೆ ಪೌಡರ್ ಸುರಿಯುತ್ತಾರೆ. ಪೌಡರ್ ಬೇಡ, ಒಣ ಬಟ್ಟೆ ಸಾಕು.

ನೆಲಕ್ಕೆ ಬರೋಣ. ನನ್ನ ಮೊಮ್ಮಗ ಈಗ ಅಂಬೆಗಾಲಿಡುವ ಕಾಲ. ಮೊನ್ನೆ ಅವನನ್ನು ಎತ್ತಿಕೊಂಡಾಗ ಅಂಗೈ ನೋಡಿದೆ, ಗೆರೆಗಳಲ್ಲೆಲ್ಲ ಕಪ್ಪು. ಆಗಷ್ಟೇ ಒರೆಸಿದ ನೆಲ ಅದು. ಬಕೆಟ್ ನೋಡಿದರೆ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು, ಮೂರು ಕೋಣೆ ಒಂದೇ ನೀರಿನಲ್ಲಿ ಆಗಿತ್ತು. ಅದಕ್ಕೆ ಎರಡು ಮುಚ್ಚಳ ಫಿನಾಯಿಲ್ ಹಾಕಿದರೂ ಅಷ್ಟೇ, ಆ ಕೊಳೆ ನೀರನ್ನೇ ಮನೆ ತುಂಬ ಬಳಿದದ್ದು. ಎರಡು ಬಕೆಟ್ ಇಡಿ. ಒಂದರಲ್ಲಿ ಸೋಪಿನ ನೀರು, ಒಂದರಲ್ಲಿ ಬರೀ ನೀರು. ಒರೆಸಿದ ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಿಸಿ, ಹಿಂಡಿ, ಆಮೇಲೆ ಸೋಪಿನ ನೀರಿಗೆ. ಪ್ರತಿ ಕೋಣೆಗೆ ಬರೀ ನೀರು ಬದಲಿಸಿ. ಕೆಲಸಕ್ಕೆ ಬರುವ ಹೆಂಗಸಿನ ಮೇಲೆ ತಪ್ಪು ಹಾಕಬೇಡಿ, ಅವಳು ನಾಲ್ಕು ಮನೆ ಮಾಡಿ ಬಂದಿರುತ್ತಾಳೆ, ಎರಡನೇ ಬಕೆಟ್ ತಂದುಕೊಡಬೇಕಾದವರು ನಾವು. ಫಿನಾಯಿಲ್ ಹಾಕಲೇಬೇಕು ಅಂದರೆ ಬಚ್ಚಲು, ಸಂಡಾಸಿಗೆ ಹಾಕಿ. ಮಗು ಓಡಾಡುವ ನೆಲಕ್ಕೆ ಸೋಪು ಸಾಕು, ಮತ್ತು ಫ್ಯಾನ್ ಹಾಕಿ ನೆಲ ಪೂರ್ತಿ ಆರಿದ ಮೇಲೆಯೇ ಮಗುವನ್ನು ಇಳಿಸಿ.

ಆದರೆ ನೆಲಕ್ಕಿಂತ ಜಾಸ್ತಿ ರೋಗ ತರೋದು ಕೈ. ನಮ್ಮ ಊರಲ್ಲಿ ಹೊರಗಿನಿಂದ ಬಂದವರಿಗೆ ಜಗಲಿಯಲ್ಲೇ ಚೆಂಬು ನೀರು ಕೊಡುತ್ತಿದ್ದರು, ಕಾಲು ತೊಳೆಯದೆ ಯಾರೂ ಒಳಗೆ ಬರುತ್ತಿರಲಿಲ್ಲ. ಫ್ಲಾಟಿನಲ್ಲಿ ಜಗಲಿ ಇಲ್ಲ, ಆದರೆ ಕ್ರಮ ಉಳಿಸಿಕೊಳ್ಳಬಹುದು. ನಮ್ಮ ಮಗ ಲೋಕಲ್ ಟ್ರೇನಿನಲ್ಲಿ ಸಾವಿರ ಜನ ಹಿಡಿದ ಹಿಡಿ ಹಿಡಿದು ಬರುತ್ತಾನೆ. ಬಾಗಿಲು ತೆಗೆದ ಕೂಡಲೇ ಮಗು ಕೈ ಚಾಚುತ್ತದೆ, ಪಾಪ ಅವನಿಗೂ ಎತ್ತಿಕೊಳ್ಳುವ ಆಸೆ. ನಾನು ಬಿಡುವುದಿಲ್ಲ. ಚಪ್ಪಲಿ ಹೊರಗೆ, ಮೊಬೈಲ್ ಕಪಾಟಿನ ಮೇಲೆ, ನೇರ ಬಚ್ಚಲು, ಕೈ ಕಾಲು ಸೋಪಿನಲ್ಲಿ ತೊಳೆದು ಅಂಗಿ ಬದಲಿಸಿ ಆಮೇಲೆ ಮಗು. ಐದು ನಿಮಿಷ, ಅಷ್ಟೇ. ಮೊಬೈಲನ್ನು ಮಗುವಿನ ಕೈಗೆ ಕೊಡುವ ಮನೆಯಾದರೆ ದಿನಕ್ಕೊಮ್ಮೆ ಅದನ್ನೂ ಒರೆಸಿ.

ಕೈಯನ್ನು 20 ಸೆಕೆಂಡ್ ಉಜ್ಜಬೇಕು. ಮಕ್ಕಳಿಗೆ ಸೆಕೆಂಡ್ ಅಂದರೆ ಏನು ಗೊತ್ತು? ಬೇಸಿನ್ ಮುಂದೆ ಒಂದು ಮಣೆ ಇಟ್ಟು ಮೊಮ್ಮಗಳನ್ನು ನಿಲ್ಲಿಸಿ ಒಂದರಿಂದ ಇಪ್ಪತ್ತರ ತನಕ ನಿಧಾನಕ್ಕೆ ಕನ್ನಡದಲ್ಲಿ ಎಣಿಸುತ್ತಿದ್ದೆ, ಬೆರಳ ಸಂದು, ಉಗುರ ತುದಿ, ಹೆಬ್ಬೆರಳ ಬುಡ ತೋರಿಸುತ್ತ. ಶಾಲೆಯಲ್ಲಿ ಇಂಗ್ಲಿಷ್, ಕೆಳಗೆ ಆಡುವಾಗ ಹಿಂದಿ ಮರಾಠಿ, ಅವಳು ಕನ್ನಡದ ಎಣಿಕೆ ಕಲಿತದ್ದು ಆ ಬೇಸಿನ್ ಮುಂದೆ. ಸಾದಾ ಸೋಪು ಸಾಕು. ಕ್ರಿಮಿ ಕೊಲ್ಲುತ್ತದೆ ಅಂತ ಜಾಸ್ತಿ ದುಡ್ಡು ತೆಗೆದುಕೊಳ್ಳುವ ಸೋಪು ಬೇಡ. ಅಮೆರಿಕದಲ್ಲಿ 2016ರಲ್ಲಿ ಅಂಥ ಸೋಪುಗಳಲ್ಲಿ ಹಾಕುತ್ತಿದ್ದ ಟ್ರೈಕ್ಲೋಸಾನ್ ಮುಂತಾದ 19 ರಾಸಾಯನಿಕಗಳನ್ನು ನಿಲ್ಲಿಸಿದರು, ಸಾದಾ ಸೋಪಿಗಿಂತ ಅವು ಮೇಲು ಅಂತ ಕಂಪನಿಗಳು ತೋರಿಸಿಕೊಡಲಿಲ್ಲ. ಸ್ಯಾನಿಟೈಸರ್ ರಿಕ್ಷಾದಲ್ಲಿ, ಟ್ರೇನಿನಲ್ಲಿ ಸರಿ, ಕಡಿಮೆ ಅಂದರೂ 60 ಪರ್ಸೆಂಟ್ ಆಲ್ಕೋಹಾಲ್ ಇರುವಂಥದ್ದು. ಮಣ್ಣು, ಎಣ್ಣೆ ಮೆತ್ತಿದ ಕೈಗೆ ಅದು ನಾಟುವುದಿಲ್ಲ. ಉಗುರು ವಾರಕ್ಕೊಮ್ಮೆ ಕತ್ತರಿಸಿ. ರಾತ್ರಿ ಮಗು ಹಿಂಭಾಗ ಕೆರೆದುಕೊಳ್ಳುತ್ತಿದ್ದರೆ ಹುಳ ಇರಬಹುದು, ಮೊಟ್ಟೆ ಉಗುರಿನಲ್ಲೇ ಕೂತಿರುತ್ತದೆ. ಸರ್ಕಾರ ಫೆಬ್ರವರಿ 10 ಮತ್ತು ಆಗಸ್ಟ್ 10ಕ್ಕೆ ಶಾಲೆ, ಅಂಗನವಾಡಿಗಳಲ್ಲಿ ಹುಳದ ಮಾತ್ರೆ ಕೊಡುತ್ತದೆ, ತಪ್ಪಿಸಬೇಡಿ.

ಕಳೆದ ವರ್ಷ ಜುಲೈನಲ್ಲಿ ಮೊಮ್ಮಗಳಿಗೆ ರಾತ್ರಿ ಎರಡು ಗಂಟೆಗೆ ವಾಂತಿ ಶುರುವಾಯಿತು. ಹಾಸಿಗೆ, ನೆಲ, ಸೊಸೆಯ ಮೈ ಎಲ್ಲ. ಇಂಥ ಹೊತ್ತಿಗೆ ಮಾತ್ರ ನಾನು ಬ್ಲೀಚ್ ಹೊರಗೆ ತೆಗೆಯೋದು. ಮೊದಲು ಕೈಗವಸು ಹಾಕಿ ಕಾಗದದಲ್ಲಿ ಬಾಚಿ ತೆಗೆದೆ, ಆಮೇಲೆ ಸೋಪಿನ ನೀರು, ಕೊನೆಗೆ ಬ್ಲೀಚ್. ಕೊಳೆಯ ಮೇಲೆಯೇ ಬ್ಲೀಚ್ ಸುರಿದರೆ ಅದರ ಶಕ್ತಿ ಕೊಳೆಗೇ ಮುಗಿದುಹೋಗುತ್ತದೆ. ಮನೆಯಲ್ಲಿ ಸಿಗುವ 5 ಪರ್ಸೆಂಟ್ ಬ್ಲೀಚ್ ಆದರೆ 1 ಲೀಟರ್ ನೀರಿಗೆ 4 ಟೀ ಚಮಚ, ತಣ್ಣೀರಿನಲ್ಲಿ, ಕಿಟಕಿ ತೆರೆದಿಟ್ಟು. ಹಚ್ಚಿ ಐದು ಹತ್ತು ನಿಮಿಷ ಬಿಟ್ಟು ಒರೆಸಿ. ನಲ್ಲಿ, ಚಿಲಕ, ಫ್ಲಶ್ಶಿನ ಗುಂಡಿ ಮರೆಯಬೇಡಿ. ಕಲಸಿದ ನೀರು ಆ ದಿನಕ್ಕೆ ಮಾತ್ರ. ಮಗುವಿಗೆ ಓಆರ್‌ಎಸ್ ಪೊಟ್ಟಣ 1 ಲೀಟರ್ ನೀರಿನದ್ದಾದರೆ ಪೂರ್ತಿ 1 ಲೀಟರ್‌ನಲ್ಲೇ ಕಲಸಬೇಕು, ಅರ್ಧ ಅರ್ಧ ಅಂದಾಜಿನಲ್ಲಿ ಬೇಡ. ಚಮಚ ಚಮಚವಾಗಿ ಕುಡಿಸುತ್ತ ಕೂತೆವು, ಬೆಳಿಗ್ಗೆ ಡಾಕ್ಟರ್ ಸತುವಿನ ಔಷಧಿಯನ್ನೂ ಬರೆದುಕೊಟ್ಟರು. ಮೂತ್ರ ಕಡಿಮೆ ಆದರೆ, ಕಣ್ಣು ಗುಳಿಬಿದ್ದರೆ, ರಕ್ತ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಚಿಕ್ಕವನಿಗೆ ಏನೂ ಆಗಲಿಲ್ಲ. ಮಕ್ಕಳಿಗೆ ವಾಂತಿ ಭೇದಿ ತರುವ ರೋಟಾವೈರಸ್ಸಿನ ಲಸಿಕೆ 6, 10, 14 ವಾರಕ್ಕೆ ಹಾಕಿಸಿತ್ತು, ಅದರ ಜೊತೆಗೆ ಆ ನಾಲ್ಕು ದಿನ ಅವನ ಕೆಲಸ ಒಬ್ಬರು, ಅಕ್ಕನ ಕೆಲಸ ಒಬ್ಬರು ಅಂತ ಹಂಚಿಕೊಂಡಿದ್ದೆವು.

ಬ್ಲೀಚಿನ ಜೊತೆ ಸಂಡಾಸಿನ ಆಸಿಡ್ ಯಾವತ್ತೂ ಸೇರಿಸಬೇಡಿ. ಇದು ನಾನು ಅನುಭವಿಸಿ ಹೇಳೋದು. ಎಷ್ಟೋ ವರ್ಷದ ಹಿಂದೆ ದೀಪಾವಳಿ ಕ್ಲೀನಿಂಗ್ ಅಂತ ಬಾಗಿಲು ಹಾಕಿಕೊಂಡು ಎರಡನ್ನೂ ಒಟ್ಟಿಗೆ ಸುರಿದೆ, ಎರಡಿದ್ದರೆ ಇನ್ನೂ ಚೊಕ್ಕ ಆಗುತ್ತದೆ ಅಂತ. ಹಳದಿ ಹಸಿರು ಹೊಗೆಯ ಹಾಗೆ ಎದ್ದಿತು, ಗಂಟಲು ಹಿಂಡಿದಂತಾಗಿ ಉಸಿರೇ ಬರಲಿಲ್ಲ. ಅದು ಕ್ಲೋರಿನ್ ಅನಿಲ. ಹೇಗೋ ಬಾಗಿಲು ತೆಗೆದು ಹೊರಗೆ ಬಂದೆ, ಎರಡು ದಿನ ಕೆಮ್ಮು. ಆವತ್ತು ಸೊಂಟದ ಮೇಲೆ ಮಗು ಇದ್ದಿದ್ದರೆ ಅಂತ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ. ವಿನೆಗರ್ ಕೂಡ ಬ್ಲೀಚಿಗೆ ಸೇರಬಾರದು, ಅಮೋನಿಯಾ ಇರುವ ಗಾಜು ಒರೆಸುವ ನೀರೂ ಬೇಡ.

ನೀರು ನಿಲ್ಲುವ ಜಾಗ ಮನೆಯೊಳಗೇ ಎಷ್ಟಿದೆ ಗೊತ್ತಾ? ಫ್ರಿಜ್ಜನ್ನು ಒಮ್ಮೆ ಎಳೆದು ಹಿಂದೆ ನೋಡಿ, ಕೆಲವು ಫ್ರಿಜ್ಜಿನಲ್ಲಿ ಒಂದು ತಟ್ಟೆ ಇರುತ್ತದೆ. ನಮ್ಮದರಲ್ಲಿ ಟಾರ್ಚ್ ಹಾಕಿ ನೋಡಿದರೆ ಸಣ್ಣ ಸಣ್ಣ ಹುಳ ಕೊಂಕಿ ಕೊಂಕಿ ಈಜುತ್ತಿದ್ದವು. ಡೆಂಗಿಯ ಸೊಳ್ಳೆ ಮೊಟ್ಟೆ ಇಡೋದು ಇಂಥ ತಿಳಿ ನೀರಿನಲ್ಲೇ, ಮೊಟ್ಟೆಯಿಂದ ಸೊಳ್ಳೆ ಆಗಲು ಎಂಟು ಹತ್ತು ದಿನ. ಆದ್ದರಿಂದ ವಾರಕ್ಕೊಮ್ಮೆ ಚೆಲ್ಲಿದರೆ ಸರಪಳಿ ಮುರಿಯುತ್ತದೆ. ಚೆಲ್ಲಿ ಸುಮ್ನೆ ಬಿಡಬೇಡಿ, ಅಂಚನ್ನು ಬ್ರಶ್ ಹಾಕಿ ಉಜ್ಜಿ. ಮೊಟ್ಟೆ ಅಂಚಿಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಮನಿ ಪ್ಲಾಂಟಿನ ಬಾಟಲಿ, ಕುಂಡದ ಕೆಳಗಿನ ತಟ್ಟೆ, ಬಚ್ಚಲಿನ ಪಿಪಾಯಿ, ಎಲ್ಲ ಭಾನುವಾರ ಬೆಳಿಗ್ಗೆ. ಬಿಲ್ಡಿಂಗಿನ ಟ್ಯಾಂಕ್ ಯಾವಾಗ ತೊಳೆದದ್ದು ಅಂತ ಸೊಸೈಟಿ ಮೀಟಿಂಗಿನಲ್ಲಿ ನಾಚಿಕೆ ಬಿಟ್ಟು ಕೇಳಿ. ಮಳೆಗಾಲದಲ್ಲಿ ಫಿಲ್ಟರ್ ಇದ್ದರೂ ಮಗುವಿನ ನೀರು ಗಳಗಳ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಯಲಿ.

ಮಗುವಿಗೆ ಮೇಲಿನ ಹಾಲು ಕೊಡಬೇಕಾದರೆ ಬಾಟಲಿಗಿಂತ ನಮ್ಮ ಒಳಲೆ ಎಷ್ಟೋ ಮೇಲು. ಬಾಟಲಿಯ ನಿಪ್ಪಲ್ಲಿನ ಒಳಗೆ, ತಿರುಪಿನ ಸಂದಿನಲ್ಲಿ ಹಾಲಿನ ಕೆನೆ ಕೂರುತ್ತದೆ, ಬ್ರಶ್ ತಲುಪುವುದಿಲ್ಲ. ಒಳಲೆಗೆ ಸಂದಿಯೇ ಇಲ್ಲ, ಬೆರಳಿನಲ್ಲೇ ತಿಕ್ಕಿ ಹತ್ತು ನಿಮಿಷ ಕುದಿಸಿದರೆ ಆಯಿತು. ಆಟಿಕೆಯೂ ಹಾಗೇ. ಒತ್ತಿದರೆ ನೀರು ಚಿಮ್ಮುವ ರಬ್ಬರ್ ಬಾತುಕೋಳಿ ಇದ್ದರೆ ಒಮ್ಮೆ ಕತ್ತರಿಸಿ ನೋಡಿ, ಒಳಗೆಲ್ಲ ಕಪ್ಪು ಬೂಷ್ಟು. ತೂತಿಲ್ಲದ ಆಟಿಕೆ ತನ್ನಿ.

ಅನ್ನ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಬಿಡಬೇಡಿ, ಫ್ರಿಜ್ 5 ಡಿಗ್ರಿಗಿಂತ ಕೆಳಗಿರಲಿ. ಮೀನು, ಕೋಳಿಗೆ ಬೇರೆ ಮಣೆ, ಬೇರೆ ಚೂರಿ. ಕೋಳಿಯನ್ನು ನಲ್ಲಿಯ ಕೆಳಗೆ ರಭಸವಾಗಿ ತೊಳೆದರೆ ಹನಿ ಪಕ್ಕದ ಸೊಪ್ಪಿನ ಮೇಲೂ ಹಾರುತ್ತದೆ.

2005ರ ಜುಲೈ 26ರ ಮಳೆ ಕಂಡವರು ಮರೆಯುವುದಿಲ್ಲ, ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್. ಆಮೇಲೆ ಇಲಿಜ್ವರ ಹರಡಿತು, ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ಲೆಪ್ಟೊ. ಮಕ್ಕಳನ್ನು ನಿಂತ ನೀರಿನಲ್ಲಿ ಆಡಲು ಬಿಡಬೇಡಿ. ನಡೆಯಲೇಬೇಕಾಗಿ ಬಂದರೆ ಮನೆಗೆ ಬಂದು ಸೋಪು ಹಾಕಿ ತೊಳೆದು ಬೆರಳ ಸಂದು ಒಣಗಿಸಿ, ಕಾಲಿಗೆ ಗಾಯ ಇದ್ದರೆ ಜ್ವರ ಬರಲಿ ಅಂತ ಕಾಯದೆ ಡಾಕ್ಟರಿಗೆ ತೋರಿಸಿ. ಒಣ ದಿನಗಳಲ್ಲಿ ತೋಟದ ಮಣ್ಣಲ್ಲಿ ಆಡಲಿ ಬಿಡಿ, ಬಂದ ಮೇಲೆ ಕೈ ತೊಳೆದರೆ ಆಯಿತು.

ಇನ್ನೊಂದು ಮಾತು, ಇದನ್ನು ಎಲ್ಲದಕ್ಕಿಂತ ಗಟ್ಟಿಯಾಗಿ ಹೇಳುತ್ತೇನೆ. ಫಿನಾಯಿಲ್, ಆಸಿಡ್‌ಗಳನ್ನು ತಂಪು ಪಾನೀಯದ ಬಾಟಲಿಗೆ ಸುರಿದು ಇಡಬೇಡಿ, ಮಗುವಿಗೆ ಅದು ಶರಬತ್ತೇ. ಸೀರೆಯ ಮಡಿಕೆಯಲ್ಲಿಡುವ ನುಸಿಗುಳಿಗೆ, ಇಲ್ಲಿನವರು ಡಾಂಬರ್ ಗೋಳಿ ಅನ್ನುತ್ತಾರಲ್ಲ, ಅದು ಪೆಪ್ಪರ್‌ಮಿಂಟಿನ ಹಾಗೆ ಬೆಳ್ಳಗೆ ಹೊಳೆಯುತ್ತದೆ. ನುಂಗಿದರೆ ಕೆಲವು ಮಕ್ಕಳಿಗೆ ರಕ್ತದ ಕೆಂಪು ಕಣಗಳೇ ಒಡೆಯುತ್ತವೆ. ದೇವರ ಮುಂದಿನ ಕರ್ಪೂರ ನುಂಗಿದರೆ ಫಿಟ್ಸ್ ಬರುತ್ತದೆ. ನಾನು ಸೀರೆಗೆ ಒಣ ಬೇವಿನ ಎಲೆ ಇಡುತ್ತೇನೆ, ಕರ್ಪೂರದ ಡಬ್ಬಿ ಮೇಲಿನ ಗೂಡಿನಲ್ಲಿದೆ. ನಿಮ್ಮ ಮನೆಯಲ್ಲಿ ಆ ಡಬ್ಬಿ, ಸಿಂಕಿನ ಕೆಳಗಿನ ಆ ಬಾಟಲಿಗಳು ಎಲ್ಲಿವೆ ಅಂತ ಈಗಲೇ ಎದ್ದು ನೋಡಿ, ಎತ್ತಿ ಮೇಲಿಟ್ಟು ಚಿಲಕ ಹಾಕಿ.