ಬಾನೆಟ್ಟಿಗೊಂದು ನ್ಯಾಯ, ಬಂಪರಿಗೊಂದು ನ್ಯಾಯ: ಕ್ಲಿಯರ್‌ಕೋಟ್ ಗಡಸುತನದ ನನ್ನ ಅನುಭವ

ಕಾರಿನ ಬಣ್ಣದ ಮೇಲಿನ ಪಾರದರ್ಶಕ ಪದರವೇ ಕ್ಲಿಯರ್‌ಕೋಟ್. ಜರ್ಮನ್ ಕಾರಿನ ಕ್ಲಿಯರ್‌ಕೋಟ್ ಗಟ್ಟಿ, ಜಪಾನಿನ ಕಾರಿನದು ಮೆದು ಎಂಬ ಲೆಕ್ಕವೊಂದನ್ನೇ ನಂಬಿ, ಗೀರು ತೆಗೆಯುವ ಪಾಲಿಶ್ ಪ್ಯಾಡ್ ಆರಿಸುವುದನ್ನು ನಾನು ಬಿಟ್ಟಿದ್ದೇನೆ. ಆ ಲೆಕ್ಕ ಬಹುಮಟ್ಟಿಗೆ ಸರಿಯೇ, ಆದರೆ ಕೈಯಲ್ಲಿರುವ ಕಾರಿಗೆ ಸಾಲುವುದಿಲ್ಲ. ಕಾರ್ಖಾನೆಯಲ್ಲಿ ಉಕ್ಕಿನ ಬಾಡಿ ಸುಮಾರು 140 ಡಿಗ್ರಿಯಲ್ಲಿ ಬೆಂದಿರುತ್ತದೆ, ಪ್ಲಾಸ್ಟಿಕ್ ಬಂಪರ್ ಅದಕ್ಕಿಂತ ಬಹಳ ಕಡಿಮೆ ಶಾಖದಲ್ಲಿ ಬೇರೆಯಾಗಿ ಒಣಗಿರುತ್ತದೆ, ಗ್ಯಾರೇಜಿನಲ್ಲಿ ಮರುಬಣ್ಣ ಕಂಡ ಬಾಗಿಲಿಗೆ 60 ಡಿಗ್ರಿ ಸಿಕ್ಕಿದ್ದರೆ ಅದೇ ಹೆಚ್ಚು. ಆದ್ದರಿಂದ ಒಂದೊಂದು ಪ್ಯಾನೆಲ್ಲನ್ನೂ ಬೇರೆ ಕಾರೆಂದೇ ಎಣಿಸಿ, ಅಂಗೈ ಅಗಲದ ಜಾಗದಲ್ಲಿ ಅತಿ ಮೆದು ಪ್ಯಾಡ್ ಮತ್ತು ಅತಿ ನಯವಾದ ಫಿನಿಶಿಂಗ್ ಪಾಲಿಶ್‌ನಿಂದ ಆರಂಭಿಸಿ, ಗೀರು ಹೋಗದಿದ್ದರೆ ಮಾತ್ರ ಒಂದು ಮೆಟ್ಟಿಲು ಮೇಲೇರುತ್ತೇನೆ.

ಕೋಲಾರದಲ್ಲಿ ಇದೇ ಕಸುಬಿನವರು ಇದನ್ನು ಸಮಯದ ದಂಡವೆಂದರು. ಉಣ್ಣೆ ಪ್ಯಾಡ್, ಗಿರಗಿರನೆ ತಿರುಗುವ ರೋಟರಿ ಮೆಷಿನ್, ಒಂದು ಡಬ್ಬ ಕಾಂಪೌಂಡ್ (ಗೀರು ಸವೆಸುವ ಒರಟು ಪಾಲಿಶ್) ಇದ್ದರೆ ಯಾವ ಕಾರಾದರೂ ಹೊಳೆಯುತ್ತದೆ ಎಂಬುದು ಅವರ ವಾದವಾಗಿತ್ತು. ಹೊಳೆಯುವುದು ನಿಜ. ಗೀರನ್ನು ತುಂಬಿ ಮರೆಮಾಡಿದ ಫಿಲ್ಲರ್ ಎಣ್ಣೆ ಎರಡು ತೊಳೆತಕ್ಕೆ ಇಳಿದು, ಇಳಿಬಿಸಿಲಿನಲ್ಲಿ ಹೊಲೊಗ್ರಾಮ್ (ರೋಟರಿ ಬಿಟ್ಟ ಸೂಕ್ಷ್ಮ ಗೀರುಗಳ ಅಲೆ) ಎದ್ದು ಕಾಣುವುದೂ ಅಷ್ಟೇ ನಿಜ.

ನನ್ನನ್ನು ಬಹಳ ಸತಾಯಿಸಿದ್ದು ಕಪ್ಪು ಬಣ್ಣದ ಜಪಾನಿ ಸೆಡಾನ್‌ಗಳು. ಮೀಡಿಯಂ ಕಾಂಪೌಂಡಿನ ಒಂದೇ ಸುತ್ತಿಗೆ ಸುಳಿಗೀರು ಮಾಯವಾಗುತ್ತಿತ್ತು, ಆದರೆ ಆ ಜಾಗದಲ್ಲಿ ಹಾಲಿನ ಕೆನೆಯಂಥ ಮಬ್ಬು ಉಳಿಯುತ್ತಿತ್ತು. ಪಾಲಿಶ್ ಬದಲಿಸಿದೆ, ವೇಗ ಹೆಚ್ಚಿಸಿದೆ, ಲೀಟರಿಗೆ ಎರಡು ಸಾವಿರದ ಆಸುಪಾಸಿನ ಡಬ್ಬಗಳನ್ನು ತರಿಸಿದೆ, ಮಬ್ಬು ಹೋಗಲಿಲ್ಲ. ಪ್ಯಾಡುಗಳಿಗೇ ಆ ವರ್ಷ ಹದಿನೈದು ಸಾವಿರದಷ್ಟು ಸುರಿದಿರಬೇಕು. ಕೊನೆಗೆ ಫಲ ಕೊಟ್ಟದ್ದು ತಿರುಗುತ್ತಲೇ ಓಲಾಡುವ ಡಿಎ ಮೆಷಿನ್ನಿನ ವೇಗವನ್ನು ತಗ್ಗಿಸಿ, ಕೈಯ ಒತ್ತಡವನ್ನು ಪೂರ್ತಿ ತೆಗೆದು, ಸುತ್ತುಗಳನ್ನು ಅರ್ಧಕ್ಕಿಳಿಸಿ, ಪ್ರತಿ ಭಾಗ ಮುಗಿದೊಡನೆ ಪ್ಯಾಡನ್ನು ಶುಚಿಗೊಳಿಸುವ ಕ್ರಮ. ಕೊನೆಯ ಸುತ್ತಿಗೆ ಮುನ್ನ ಪ್ಯಾಡಿಗೆ ಏನನ್ನು ಸಿಂಪಡಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನ.

ಗಟ್ಟಿ ಕ್ಲಿಯರ್‌ಕೋಟಿನ ಕಷ್ಟ ಬೇರೆ ಬಗೆಯದು. ಜರ್ಮನ್ ಎಸ್‌ಯುವಿಯ ಬಾನೆಟ್ಟಿನ ಮೇಲೆ ಫೋಮ್ ಪ್ಯಾಡ್ ಸುಮ್ಮನೆ ಜಾರುತ್ತದೆ. ಹೆಚ್ಚು ಸವೆಸುವ ಮೈಕ್ರೋಫೈಬರ್ ಕಟಿಂಗ್ ಪ್ಯಾಡೇ ಬೇಕು. ಆದರೆ ಅಲ್ಲಿ ತಂದ ಹೊಳಪು ನಿಲ್ಲುತ್ತದೆ. ದಪ್ಪ ಅಳೆಯುವ ಗೇಜ್ ತೋರಿಸುವುದು ಬಣ್ಣದ ಒಟ್ಟು ದಪ್ಪವನ್ನು, ಅದರಲ್ಲಿ ಕ್ಲಿಯರ್ ಇರುವುದು ನಲವತ್ತು ಮೈಕ್ರಾನಿನ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್) ಆಜುಬಾಜು, ಹಾಗಾಗಿ ಮೂರು ನಾಲ್ಕು ಮೈಕ್ರಾನ್ ಇಳಿದೊಡನೆ ನಾನು ನಿಲ್ಲಿಸುತ್ತೇನೆ.

ನಡುವೆ, ಯಾವ ಗಡಸಿನ ಪೆನ್ಸಿಲ್ ಕ್ಲಿಯರನ್ನು ಗೀರುತ್ತದೆ ಎಂದು ನೋಡುವ ಪೆನ್ಸಿಲ್ ಪರೀಕ್ಷೆಯನ್ನೂ ಮಾಡಿ ನೋಡಿದೆ. ಗುಜರಿಯಿಂದ ಹಳೆಯ ಬಾಗಿಲು, ಬಾನೆಟ್ಟುಗಳನ್ನು ಒಂದೂವರೆ ಸಾವಿರದೊಳಗೆ ತಂದು, ಮೊನೆಯನ್ನು ಉಪ್ಪುಕಾಗದದ ಮೇಲೆ ಚಪ್ಪಟೆಯಾಗಿ ಉಜ್ಜಿ, 45 ಡಿಗ್ರಿ ಓರೆಯಲ್ಲಿ ಹಿಡಿದು, ಮೆದುವಾದ ಎಚ್‌ಬಿಯಿಂದ 4ಎಚ್‌ವರೆಗೆ ತಳ್ಳಿದೆ. ಪೆನ್ಸಿಲ್ ಕಂಪನಿ ಬದಲಾದರೆ 2ಎಚ್ ಎಂಬುದರ ಗಡಸೂ ಬದಲಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಂದೇ ಪೆನ್ಸಿಲ್ಲಿಗೆ ತಡೆದ ಎರಡು ಬಾಗಿಲುಗಳಲ್ಲಿ ಒಂದು ಪ್ಯಾಡಿಗೆ ಸುಲಭವಾಗಿ ಒಲಿಯಿತು, ಇನ್ನೊಂದು ಅಂಟಂಟಾಗಿ ಎಳೆಯಿತು. ಮೊನೆಯ ಒತ್ತಡವನ್ನು ತಡೆಯುವುದೂ ಪಾಲಿಶಿಗೆ ಬಗ್ಗುವುದೂ ಎರಡು ಬೇರೆ ಗುಣಗಳೆಂದು ಆಗ ಖಚಿತವಾಯಿತು.

ನಮ್ಮ ಜಿಲ್ಲೆಯ ಬೋರ್‌ವೆಲ್ ನೀರಿನ ಗಡಸನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇಲ್ಲಿ ಪಾಲಿಶ್ ಮಾಡಲಾಗದು. ಬಿಸಿಲಿನಲ್ಲಿ ತೊಳೆದು ಒರೆಸದೆ ಬಿಟ್ಟ ಕಾರಿನ ಮೇಲೆ ಸುಣ್ಣದ ಕಲೆ ಕೂರುತ್ತದೆ, ಮೆದು ಕ್ಲಿಯರ್‌ನಲ್ಲಿ ಅದು ಕೊರೆದು ಇಳಿಯುತ್ತದೆ. ಮೊದಲು ತೆಳುಗೊಳಿಸಿದ ವಿನೆಗರ್‌ನಿಂದ ಸುಣ್ಣವನ್ನು ಕರಗಿಸಿ ತೊಳೆದ ಮೇಲೆಯೇ ಪ್ಯಾಡ್ ಇಡಬೇಕು. ಇಲ್ಲವಾದರೆ ಆ ಕಣಗಳೇ ಹೊಸ ಗೀರು ಎಳೆಯುತ್ತವೆ.

ಮೂರು ಸಾವಿರಕ್ಕೆ ಒಪ್ಪಿಕೊಳ್ಳುತ್ತಿದ್ದ ಕೆಲಸಕ್ಕೆ ಈಗ ಏಳರಿಂದ ಎಂಟು ಸಾವಿರ ಹೇಳುತ್ತೇನೆ, ಕೊಡುವವರಿದ್ದಾರೆ. ಸಮಯದ ದಂಡ ಎಂದವರಲ್ಲಿ ಇಬ್ಬರು ತಮ್ಮಲ್ಲಿಗೆ ಬರುವ ಕಪ್ಪು ಕಾರುಗಳನ್ನು ನನ್ನ ಶೆಡ್ಡಿಗೇ ಕಳುಹಿಸುತ್ತಾರೆ.