ವಾಷಿಂಗ್ಟನ್ ಸರ್ಕಾರದ ಟಪಾಲು: ನಾನು ಓದಿದ ಬಗೆ

ಜಾರ್ಜ್ ವಾಷಿಂಗ್ಟನ್ ಅಮೆರಿಕದ ಮೊದಲ ಅಧ್ಯಕ್ಷನಾಗಿದ್ದದ್ದು 1789ರಿಂದ 1797ರವರೆಗೆ. ಆ ಕಾಲದ ಸರ್ಕಾರಿ ಪತ್ರಗಳನ್ನು ಈಗ ಯಾರು ಬೇಕಾದರೂ ಮನೆಯಲ್ಲೇ ಕೂತು ಓದಬಹುದು. ಅಮೆರಿಕದ ರಾಷ್ಟ್ರೀಯ ಪತ್ರಾಗಾರದವರು 2013ರಲ್ಲಿ ಶುರು ಮಾಡಿದ ಫೌಂಡರ್ಸ್ ಆನ್‌ಲೈನ್ ತಾಣದಲ್ಲಿ ಎಲ್ಲ ಬಿಟ್ಟಿಯಾಗಿ ಸಿಗುತ್ತದೆ. ಆದರೆ ರಾಶಿ ದೊಡ್ಡದು. ಎಲ್ಲಿಂದ ಹಿಡಿಯಬೇಕು ಅಂತಲೇ ತಿಳಿಯುವುದಿಲ್ಲ.

ನಾನು ಟಪಾಲು, ಕಡತ ನೋಡಿಕೊಂಡೇ ನೌಕರಿ ಮುಗಿಸಿದವನು. ಹಾಗಾಗಿ ಇವನ್ನೂ ಕಡತದ ಹಾಗೇ ಓದಿದೆ. ಯಾವ ಕಾಗದ ಯಾವತ್ತು ಬಂತು, ಯಾರ ಮೇಜಿಗೆ ಹೋಯಿತು, ಯಾವ ಷರಾ ಹೊತ್ತು ವಾಪಸ್ ಬಂತು. ಪತ್ರದ ಒಳಗಿನ ಮಾತನ್ನಷ್ಟೇ ಓದಿದರೆ ವಾಷಿಂಗ್ಟನ್‌ನ ಮಂತ್ರಿಗಳಾದ ಹ್ಯಾಮಿಲ್ಟನ್ ಮತ್ತು ಜೆಫರ್ಸನ್ ಜಗಳ ಕಾಣುತ್ತದೆ. ಕಾಗದದ ಓಡಾಟ ಹಿಡಿದರೆ ಸರ್ಕಾರ ನಡೆದ ರೀತಿ ಕಾಣುತ್ತದೆ.

ಜನ ಕಮ್ಮಿ, ಅದೊಂದು ಅನುಕೂಲ. ವಿದೇಶಾಂಗಕ್ಕೆ ಥಾಮಸ್ ಜೆಫರ್ಸನ್, ಖಜಾನೆಗೆ ಅಲೆಕ್ಸಾಂಡರ್ ಹ್ಯಾಮಿಲ್ಟನ್, ಯುದ್ಧ ಇಲಾಖೆಗೆ ಹೆನ್ರಿ ನಾಕ್ಸ್, ಕಾನೂನಿಗೆ ಎಡ್ಮಂಡ್ ರ‍್ಯಾಂಡಾಲ್ಫ್. ಸಂವಿಧಾನದಲ್ಲಿ ಮಂತ್ರಿ ಸಂಪುಟ ಅನ್ನುವುದೇ ಇಲ್ಲ. ಇಲಾಖೆಯ ಮುಖ್ಯಸ್ಥರಿಂದ ಅಧ್ಯಕ್ಷ ಲಿಖಿತ ಅಭಿಪ್ರಾಯ ಕೇಳಬಹುದು ಅಂತ ಮಾತ್ರ ಇದೆ. ವಾಷಿಂಗ್ಟನ್ ಅದನ್ನು ಚೆನ್ನಾಗಿಯೇ ಬಳಸಿಕೊಂಡ.

ನಾನು ಮೊದಲು ಓದಿದ್ದು 1801ರ ನವೆಂಬರ್ 6ರ ಒಂದು ಸುತ್ತೋಲೆ. ಆಗ ಜೆಫರ್ಸನ್ ತಾನೇ ಅಧ್ಯಕ್ಷ. ವಾಷಿಂಗ್ಟನ್ ಕಾಲದಲ್ಲಿ ಕಾಗದ ಹೇಗೆ ಓಡಾಡುತ್ತಿತ್ತು ಅಂತ ತನ್ನ ಮಂತ್ರಿಗಳಿಗೆ ಅದರಲ್ಲಿ ವಿವರಿಸಿದ್ದಾನೆ. ಅಧ್ಯಕ್ಷನ ಹೆಸರಿಗೆ ಬಂದ ಪತ್ರ ಸಂಬಂಧಪಟ್ಟ ಇಲಾಖೆಗೆ ಹೋಗುತ್ತಿತ್ತು. ಇಲಾಖೆಗೇ ನೇರ ಬಂದದ್ದಕ್ಕೆ ಉತ್ತರ ಬೇಕಿಲ್ಲದಿದ್ದರೆ, ಸುಮ್ನೆ ಮಾಹಿತಿಗೆ ಅಂತ ಅಧ್ಯಕ್ಷನಿಗೆ ಕಳಿಸುತ್ತಿದ್ದರು. ಉತ್ತರ ಬೇಕಿದ್ದರೆ ಪತ್ರದ ಜೊತೆ ಉತ್ತರದ ಕರಡೂ ಹೋಗಬೇಕು. ಕರಡು ಹಾಗೇ ವಾಪಸ್ ಬಂದರೆ ಒಪ್ಪಿಗೆ ಅಂತ ಅರ್ಥ. ಕೆಲವೊಮ್ಮೆ ಸಣ್ಣ ಚೀಟಿಯಲ್ಲಿ ತಿದ್ದುಪಡಿ ಇರುತ್ತಿತ್ತು. ಮುಖ್ಯವಾದ ಅನುಮಾನವಿದ್ದರೆ ಮಾತ್ರ ಮುಖತಃ ಮಾತು. ಇದನ್ನು ಓದಿದ ಮೇಲೆ, 'ಓದಿ ಹಿಂದಿರುಗಿಸಿದ್ದೇನೆ' ಅನ್ನುವಂಥ ಎರಡು ಸಾಲಿನ ಚೀಟಿಗಳಿಗೂ ಬೆಲೆ ಬಂತು. ಬಹಳ ಜನ ಅವನ್ನು ಹಾರಿಸಿಬಿಡುತ್ತಾರೆ.

ಆಮೇಲೆ ಒಂದು ಉದ್ದ ನೋಟ್‌ಬುಕ್ ತೆಗೆದುಕೊಂಡು ನಾಲ್ಕು ಅಂಕಣ ಹಾಕಿದೆ: ಬರೆದ ದಿನ, ತಲುಪಿದ ದಿನ, ಲಗತ್ತುಗಳು, ವಾಪಸ್ ಬಂದದ್ದು. ಜೆಫರ್ಸನ್ ವಿಷಯದಲ್ಲಿ ಕೆಲಸ ಹಗುರ. ಅವನು 1783ರಿಂದ ಸಾಯುವವರೆಗೂ ಇನ್‌ವರ್ಡ್, ಔಟ್‌ವರ್ಡ್ ರಿಜಿಸ್ಟರ್ ತಾನೇ ಬರೆದಿಟ್ಟುಕೊಂಡಿದ್ದ. ಸಂಪಾದಕರು ಅಡಿಟಿಪ್ಪಣಿಯಲ್ಲಿ ಅದರಿಂದ ತಲುಪಿದ ದಿನ ಕೊಡುತ್ತಾರೆ. ನನ್ನಂಥವನಿಗೆ ಅಂಥ ಮನುಷ್ಯನ ಮೇಲೆ ಪ್ರೀತಿ ಬರದೇ ಇರುತ್ತದೆಯೇ?

ಈ ಕ್ರಮ ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟದ್ದು 1791ರ ಬ್ಯಾಂಕ್ ಮಸೂದೆಯಲ್ಲಿ. ರಾಷ್ಟ್ರೀಯ ಬ್ಯಾಂಕ್ ಸ್ಥಾಪಿಸುವ ಮಸೂದೆ ಫೆಬ್ರವರಿ 14ರಂದು, ಸೋಮವಾರ, ಅಧ್ಯಕ್ಷನ ಕೈಗೆ ಬಂತು. ಭಾನುವಾರ ಬಿಟ್ಟು ಹತ್ತು ದಿನದೊಳಗೆ ಸಹಿ ಹಾಕಬೇಕು, ಇಲ್ಲವೇ ಆಕ್ಷೇಪ ಬರೆದು ಹಿಂದಿರುಗಿಸಬೇಕು. ರ‍್ಯಾಂಡಾಲ್ಫ್ 12ರಂದೇ ಬೇಡ ಅಂದಿದ್ದ. ಜೆಫರ್ಸನ್ 15ರಂದು ಬೇಡ ಅಂದ. 16ರಂದು ವಾಷಿಂಗ್ಟನ್ ಆ ಎರಡನ್ನೂ ಹ್ಯಾಮಿಲ್ಟನ್‌ಗೆ ಕಳಿಸಿದ. ಇವುಗಳಿಗೆ ಉತ್ತರ ಕೊಡು, ಕಾಗದ ವಾಪಸ್ ಮಾಡು, ನಕಲು ಮಾತ್ರ ತೆಗೆಯಬೇಡ ಅನ್ನುವ ತಾಕೀತೂ ಜೊತೆಗಿತ್ತು. ಮಸೂದೆ ತಿರಸ್ಕರಿಸಬೇಕಾಗಿ ಬಂದರೆ ಇರಲಿ ಅಂತ ಶಾಸಕಾಂಗದ ಸದಸ್ಯ ಜೇಮ್ಸ್ ಮ್ಯಾಡಿಸನ್ ಹತ್ತಿರ ಆಕ್ಷೇಪದ ಕರಡನ್ನೂ ಬರೆಸಿಟ್ಟುಕೊಂಡ.

ಹ್ಯಾಮಿಲ್ಟನ್ ಉತ್ತರ 23ರಂದು ಬಂತು. ಬಹಳ ಉದ್ದದ್ದು. ಹಿಂದಿನ ರಾತ್ರಿಯ ಬಹುಪಾಲು ಇದಕ್ಕೇ ಹೋಯಿತು ಅಂತ ಜೊತೆಯ ಚೀಟಿಯಲ್ಲಿ ಬರೆದಿದ್ದಾನೆ. ಅದೇ ದಿನ ವಾಷಿಂಗ್ಟನ್ ಕೇಳಿದ್ದು ಬ್ಯಾಂಕಿನ ಬಗ್ಗೆ ಅಲ್ಲ: ಈ ಮಸೂದೆಯನ್ನು ಕಾನೂನು ಪ್ರಕಾರ ಯಾವತ್ತಿನವರೆಗೆ ಇಟ್ಟುಕೊಳ್ಳಬಹುದು? ಶುಕ್ರವಾರ ಶಾಸಕಾಂಗದ ಸಭೆ ನಡೆಯುತ್ತಿರುವವರೆಗೆ ಅಂತ ಹ್ಯಾಮಿಲ್ಟನ್‌ನಿಂದ ಉತ್ತರ ಬಂತು. ಸಹಿ ಬಿದ್ದದ್ದು 25ರಂದು, ಶುಕ್ರವಾರವೇ. ಪುಸ್ತಕಗಳಲ್ಲಿ ಇದು ಸಂವಿಧಾನದ ದೊಡ್ಡ ವಾದವಾಗಿ ಬರುತ್ತದೆ. ಅದು ನಿಜವೇ. ಆದರೆ ಗಡುವಿನ ಕಡೇ ದಿನದವರೆಗೂ ಕಡತ ಹಿಡಿದು ಕೂತ ಒಬ್ಬ ಅಧಿಕಾರಿಯನ್ನು ನಾನು ಕಂಡದ್ದು ದಿನಾಂಕಗಳಲ್ಲಿ. ಇನ್ನೊಂದು ಸಂಗತಿ ಜೆಫರ್ಸನ್ ಅಭಿಪ್ರಾಯದ ಕೊನೆಯಲ್ಲಿದೆ. ಪರ, ವಿರೋಧ ಎರಡೂ ಸಮ ಅನ್ನಿಸಿದರೆ ಶಾಸಕಾಂಗದ ಮಾತಿಗೆ ಗೌರವ ಕೊಟ್ಟು ಸಹಿ ಹಾಕಿ ಅನ್ನುತ್ತಾನೆ. ವಿರೋಧಿಸುತ್ತಲೇ ಬಾಗಿಲು ತೆರೆದಿಟ್ಟ ಹಾಗೆ.

1793ರ ಏಪ್ರಿಲ್ ಕೂಡ ಹೀಗೇ ಓದಿಸಿಕೊಂಡು ಹೋಗುತ್ತದೆ. ಫ್ರಾನ್ಸ್, ಬ್ರಿಟನ್ ನಡುವೆ ಯುದ್ಧ ಶುರುವಾದ ಸುದ್ದಿ ಆಗಿನ ರಾಜಧಾನಿ ಫಿಲಡೆಲ್ಫಿಯಾಕ್ಕೆ ಬಂದಾಗ ವಾಷಿಂಗ್ಟನ್ ಊರಲ್ಲಿ, ಮೌಂಟ್ ವರ್ನನ್‌ನಲ್ಲಿದ್ದ. ಹ್ಯಾಮಿಲ್ಟನ್ 5ರಂದು, ಜೆಫರ್ಸನ್ 7ರಂದು ಬರೆದರು. 12ರಂದು ಇಬ್ಬರಿಗೂ ಉತ್ತರ ಹೊರಟಿತು. 17ರಂದು ತಾನೇ ರಾಜಧಾನಿ ತಲುಪಿದ. 18ರಂದು ನಾಲ್ವರಿಗೂ 13 ಪ್ರಶ್ನೆಗಳು, ಮರುದಿನ ಬೆಳಗ್ಗೆ ಸಭೆ, 22ರಂದು ಯಾರ ಪಕ್ಷವನ್ನೂ ವಹಿಸುವುದಿಲ್ಲ ಅನ್ನುವ ಘೋಷಣೆ. ಪ್ರಶ್ನೆಗಳ ಅಕ್ಷರ ವಾಷಿಂಗ್ಟನ್‌ದೇ ಆದರೂ ಭಾಷೆ ಹ್ಯಾಮಿಲ್ಟನ್‌ದು ಅಂತ ಜೆಫರ್ಸನ್ ತನ್ನ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದಾನೆ. ಕಚೇರಿಯಲ್ಲಿ ದುಡಿದವರಿಗೆ ಈ ಅನುಮಾನದ ರುಚಿ ಗೊತ್ತಿರುತ್ತದೆ, ಅಲ್ವಾ?

ಹೊಸಬರು ಬ್ಯಾಂಕಿನಿಂದ ಶುರು ಮಾಡಬೇಡಿ, ಸುಸ್ತಾಗುತ್ತೀರಿ. 1792ರ ಆಗಸ್ಟ್ 23ರಂದು ಜೆಫರ್ಸನ್‌ಗೆ, 26ರಂದು ಹ್ಯಾಮಿಲ್ಟನ್‌ಗೆ ವಾಷಿಂಗ್ಟನ್ ಬರೆದ ಪತ್ರಗಳನ್ನು ತೆಗೆಯಿರಿ. ಜಗಳ ಬಿಡಿ ಅಂತ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಬುದ್ಧಿಮಾತು. ಇಬ್ಬರೂ ಉತ್ತರ ಬರೆದದ್ದು ಸೆಪ್ಟೆಂಬರ್ 9ರಂದು, ಹ್ಯಾಮಿಲ್ಟನ್ ಫಿಲಡೆಲ್ಫಿಯಾದಿಂದ, ಜೆಫರ್ಸನ್ ತನ್ನ ಮನೆ ಮಾಂಟಿಸೆಲ್ಲೋದಿಂದ. ನಾಲ್ಕೂ ಪತ್ರಗಳನ್ನು ಅಕ್ಕಪಕ್ಕ ಇಟ್ಟು ಓದಿ. ಪತ್ರಿಕೆಗಳಲ್ಲಿ ತಿರುಗೇಟು ಕೊಡುವುದರಲ್ಲಿ ನನ್ನ ಕೈಯೂ ಇದೆ, ಸದ್ಯಕ್ಕೆ ಹಿಂದೆ ಸರಿಯಲಾರೆ ಅನ್ನುತ್ತಾನೆ ಹ್ಯಾಮಿಲ್ಟನ್. ಜೆಫರ್ಸನ್ ಪುಟಗಟ್ಟಲೆ ದೂರು ಬರೆದು, ನಾನು ಹೇಗಿದ್ದರೂ ಕೆಲಸ ಬಿಡುವವನು ಅನ್ನುತ್ತಾನೆ.

ಹುಡುಕುವಾಗ ಹಳೆಯ ಕಾಗುಣಿತವನ್ನೂ ಹಾಕಿ ನೋಡಬೇಕು. ಟಿಪ್ಪು ಸುಲ್ತಾನ್ ಅಂತ ಹುಡುಕಿದರೆ ಎಲ್ಲ ಸಿಗುವುದಿಲ್ಲ. 'ಟಿಪ್ಪೂ ಸಾಯಿಬ್' ಅನ್ನುವಂಥ ರೂಪ ಹಾಕಿ. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಪ್ಯಾರಿಸ್‌ಗೆ ಬಂದಾಗ ಜೆಫರ್ಸನ್ ಅಲ್ಲೇ ಇದ್ದ. ಸಂಪುಟಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೂ ನಮ್ಮವರ ಹೆಸರು ಕಂಡರೆ ಬಿಡಲಾಗುವುದಿಲ್ಲ.

ಈಗ ನಾಕ್ಸ್ ಕಡೆ ಬಂದಿದ್ದೇನೆ. ಇದು ಕಷ್ಟದ ಕೆಲಸ. 1800ರ ನವೆಂಬರ್ 8ರಂದು ಯುದ್ಧ ಇಲಾಖೆಯ ಕಚೇರಿಗೆ ಬೆಂಕಿ ಬಿದ್ದು ಕಡತಗಳೆಲ್ಲ ಸುಟ್ಟುಹೋದವು. ಪತ್ರ ಪಡೆದವರ ಬಳಿ ಉಳಿದ ಪ್ರತಿಗಳನ್ನು ಬೇರೆ ಬೇರೆ ಸಂಗ್ರಹಗಳಿಂದ ಹುಡುಕಿ ಒಟ್ಟು ಮಾಡಿದ ಯೋಜನೆಯೊಂದು ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ್ದು. ಕೈಬರಹದ ಚಿತ್ರ ನೋಡಿ ಸ್ವಯಂಸೇವಕರು ಅಲ್ಲಿ ಟೈಪ್ ಮಾಡುತ್ತಾರೆ. ನಾನೂ ಬಿಡುವಾದಾಗ ಮಾಡುತ್ತೇನೆ. ಅಲ್ಲಿ ದೊಡ್ಡ ವಾದಗಳು ಅಪರೂಪ. ಸೈನಿಕರ ಬಟ್ಟೆ, ಆಹಾರ, ಗುತ್ತಿಗೆದಾರರ ಲೆಕ್ಕ ಇಂಥವೇ ಜಾಸ್ತಿ. ಒಂದೇ ಪತ್ರದ ಕರಡು, ನಕಲು ಬೇರೆ ಬೇರೆ ಕಡೆ ಇರಬಹುದು, ನಿಜವಾಗಿ ಕಳಿಸಿದ್ದು ಯಾವುದು ಅಂತ ನೋಡಬೇಕಾಗುತ್ತದೆ. ಅದಕ್ಕೇ ನೋಟ್‌ಬುಕ್‌ನಲ್ಲಿ ಐದನೇ ಅಂಕಣ ಸೇರಿಸಿದ್ದೇನೆ: ಈ ಪ್ರತಿ ಯಾರ ಬಳಿ ಉಳಿದಿತ್ತು.