ಮೂವತ್ತೆರಡು ಮಂದಿಯ ಮನೆಗೆ ಪಾಳಿಪಟ್ಟಿ ಬರೆದ ವರ್ಷ

ಪದವಿಯ ಮೂರು ವರ್ಷಗಳನ್ನು ನಾನು ಕಳೆದದ್ದು ವಿದ್ಯಾರ್ಥಿನಿಯರಿಗೆಂದೇ ಇದ್ದ ಒಂದು ಸಹಕಾರಿ ವಿದ್ಯಾರ್ಥಿವೇತನ ಗೃಹದಲ್ಲಿ. ಹೆಸರಿನಲ್ಲಿ ವಿದ್ಯಾರ್ಥಿವೇತನವಿದ್ದರೂ ಅಲ್ಲಿ ಯಾರ ಕೈಗೂ ಹಣ ಬರುತ್ತಿರಲಿಲ್ಲ. ಕಟ್ಟಡವನ್ನು ದಾನಿಗಳು ಕೊಟ್ಟಿದ್ದರಿಂದ ಬಾಡಿಗೆಯ ಹೊರೆ ಇರಲಿಲ್ಲ. ಅಡುಗೆ, ಶುಚಿ, ಲೆಕ್ಕಪತ್ರ ಯಾವುದಕ್ಕೂ ಸಂಬಳದವರಿಲ್ಲದ ಕಾರಣ ಊಟದ ಖರ್ಚು ದಿನಸಿಯ ಬೆಲೆಗೇ ನಿಲ್ಲುತ್ತಿತ್ತು. ಅಂದರೆ ನಮಗೆ ಸಿಗುತ್ತಿದ್ದ ವೇತನದ ಅರ್ಧಭಾಗ ನಮ್ಮದೇ ದುಡಿಮೆ. ಒಬ್ಬಳು ಪಾಳಿ ತಪ್ಪಿಸಿದರೆ ಅದು ಬರಿಯ ಸೋಮಾರಿತನವಲ್ಲ, ಇನ್ನೊಬ್ಬಳ ವಿದ್ಯಾರ್ಥಿವೇತನಕ್ಕೆ ಹಾಕಿದ ಕೈ ಎಂಬುದು ನನಗೆ ಅರ್ಥವಾದದ್ದು ಎರಡನೆಯ ವರ್ಷ, ಪಾಳಿಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದ ಮೇಲೆ.

ಇಂಥ ಮನೆಗಳು ಹೊಸವಲ್ಲ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ಮಿಲ್ಲರ್ ವಾಟ್ಕಿನ್ಸ್ ಅವರ ಕೊಡುಗೆಯಿಂದ ವಿದ್ಯಾರ್ಥಿನಿಯರಿಗಾಗಿ ವಾಟ್ಕಿನ್ಸ್ ಹಾಲ್ 1926ರಲ್ಲಿಯೂ ಮಿಲ್ಲರ್ ಹಾಲ್ 1937ರಲ್ಲಿಯೂ ಆರಂಭವಾದವು. ಅಲ್ಲಿ ಕೆಲವೇ ಮಂದಿಯ ಗುಂಪಿಗೊಂದು ಸಣ್ಣ ಅಡುಗೆಮನೆಯ ಪದ್ಧತಿ. ನಮ್ಮಲ್ಲಿ ಮೂವತ್ತೆರಡು ಮಂದಿಗೂ ಒಂದೇ ಅಡುಗೆಮನೆ. ನನ್ನ ತೊಂದರೆಯ ಮೂಲ ಅಲ್ಲಿಯೇ ಇತ್ತು.

ನಿಯಮದ ಪ್ರಕಾರ ಪ್ರತಿಯೊಬ್ಬಳೂ ವಾರಕ್ಕೆ 5 ಗಂಟೆ ಕೆಲಸ ಮಾಡಬೇಕು, ಒಟ್ಟು 160 ಗಂಟೆ. ವಾರದ ಆರು ರಾತ್ರಿಗಳ ಅಡುಗೆಗೆ ದಿನಕ್ಕೆ ಮೂವರು, ತಲಾ ಮೂರು ಗಂಟೆ ಎಂದರೆ 54. ಪಾತ್ರೆಗೆ ಮೂವರು, ತಲಾ ಒಂದೂವರೆ ಗಂಟೆ ಎಂದರೆ 27. ಉಳಿದ 79 ಗಂಟೆಗಳಲ್ಲಿ ಬಚ್ಚಲು, ಹಜಾರ, ಮೆಟ್ಟಿಲು, ಉಗ್ರಾಣ, ಖರೀದಿ, ಲೆಕ್ಕ ಎಲ್ಲವೂ ಮುಗಿಯಬೇಕು. ಕಾಗದದ ಮೇಲೆ ಎಲ್ಲವೂ ಸರಿಹೋಗಿತ್ತು. ಆದರೆ ಹಜಾರದ ಕಿಟಕಿ ಒರೆಸುವ ಒಂದು ಗಂಟೆಗೂ ರಾತ್ರಿ ಒಂಬತ್ತರ ಮೇಲೆ ದೊಡ್ಡ ಪಾತ್ರೆಗಳನ್ನು ತಿಕ್ಕುವ ಒಂದು ಗಂಟೆಗೂ ಒಂದೇ ಬೆಲೆ ಕಟ್ಟಿದ್ದೆ. ಹಳಬರು ಮೊದಲೇ ಬಂದು ಕಿಟಕಿಯ ಮುಂದೆ ಹೆಸರು ಬರೆದುಕೊಳ್ಳುತ್ತಿದ್ದರು. ಪಾತ್ರೆ ಹೊಸಬರ ಪಾಲಾಗುತ್ತಿತ್ತು.

ಅದು ಬಯಲಾದದ್ದು ಒಂದು ಸೀದ ಪಾತ್ರೆಯಿಂದ. ನಾಲ್ವರಿಗೆ ಬರೆದಿದ್ದ ಸೂಪಿನ ಅಳತೆಯನ್ನು ಅಂದಿನ ಅಡುಗೆಯವಳು ಎಲ್ಲದರಲ್ಲೂ ಎಂಟರಿಂದ ಗುಣಿಸಿದ್ದಳು. ನೀರನ್ನು ಹಾಗೆ ಗುಣಿಸಬಾರದು. ಪಾತ್ರೆ ದೊಡ್ಡದಾದಷ್ಟೂ ಒಳಗಿರುವ ಪ್ರಮಾಣಕ್ಕೆ ಹೋಲಿಸಿದರೆ ಬಾಯಿಯ ಅಗಲ ಕಡಿಮೆಯಾಗುವುದರಿಂದ ಅಷ್ಟು ನೀರು ಆವಿಯಾಗುವುದಿಲ್ಲ. ಸೂಪು ತೆಳ್ಳಗಾಯಿತೆಂದು ಅವಳು ಉರಿ ಹೆಚ್ಚಿಸಿ ಸೌಟು ಬಿಟ್ಟು ತಟ್ಟೆ ಜೋಡಿಸಲು ಹೋದಳು. ತರಕಾರಿ ತಳ ಹಿಡಿದು ಕರಕಲಾಯಿತು. ಆ ರಾತ್ರಿ ಪಾತ್ರೆಯ ಪಾಳಿಯಲ್ಲಿದ್ದ ಮೂವರೂ ಹೊಸಬರು. ನಾನು ನೀರು ಕುಡಿಯಲೆಂದು ಹನ್ನೊಂದೂವರೆಗೆ ಕೆಳಗಿಳಿದಾಗ ಒಬ್ಬಳು ಭುಜದವರೆಗೂ ಕೈಯನ್ನು ಪಾತ್ರೆಯೊಳಗೆ ಇಳಿಸಿ ಮರದ ಹುಟ್ಟಿನಿಂದ ತಳ ಕೆರೆಯುತ್ತಿದ್ದಳು. ಪಕ್ಕದ ಸ್ಟೂಲಿನ ಮೇಲೆ ಮರುದಿನದ ಪರೀಕ್ಷೆಯ ಪುಸ್ತಕ ತೆರೆದಿತ್ತು. "ನಿನ್ನ ಪಟ್ಟಿಯಲ್ಲಿ ಇದಕ್ಕೂ ಒಂದೂವರೆ ಗಂಟೆಯೇ ತಾನೇ?" ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಇನ್ನೊಂದು ಹುಟ್ಟು ತೆಗೆದುಕೊಂಡೆ.

ಮುಂದಿನ ಸಭೆಗೆ ಒಂದು ಪ್ರಸ್ತಾಪ ಒಯ್ದೆ: ಪಾತ್ರೆಯ ಪಾಳಿಗೂ ಬಚ್ಚಲಿನ ಪಾಳಿಗೂ ಒಂದು ಗಂಟೆಯನ್ನು ಒಂದೂವರೆ ಗಂಟೆಯೆಂದು ಎಣಿಸುವುದು. ಹೇಳುವುದು ಸುಲಭ, ಲೆಕ್ಕ ಕಠಿಣ. ಪಾತ್ರೆಯ 27 ಗಂಟೆ 40½ ಆಗುತ್ತದೆ, ಬಚ್ಚಲಿನ 12 ಗಂಟೆ 18 ಆಗುತ್ತದೆ. ಹೆಚ್ಚಾದ 19½ ಗಂಟೆಯನ್ನು 160ರ ಒಳಗೇ ಹುಡುಕಬೇಕು. ಎರಡು ವಾರ ಗಡಿಯಾರ ಹಿಡಿದು ಎಲ್ಲ ಪಾಳಿಗಳನ್ನೂ ಅಳೆದೆ. ಕೆಲವರಿಗೆ ಅದು ಹಿಡಿಸಲಿಲ್ಲ, ಹಿಡಿಸಬೇಕಾಗಿಯೂ ಇರಲಿಲ್ಲ. ಒಂದು ಗಂಟೆ ಎಂದು ಬರೆದಿದ್ದ ಕಿಟಕಿಯ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಹಜಾರವನ್ನು ದಿನವೂ ಗುಡಿಸುವ ಅಗತ್ಯವಿರಲಿಲ್ಲ. ಖರೀದಿಗೆ ಮೂವರು ಹೋಗುತ್ತಿದ್ದುದು ಹರಟೆಗಾಗಿ. 19½ ಗಂಟೆ ಅಲ್ಲಿಯೇ ಸಿಕ್ಕಿತು.

ಸಭೆಯಲ್ಲಿ ಒಬ್ಬಳಿಗೆ ಒಂದೇ ಮತ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 1844ರಲ್ಲಿ ಸಹಕಾರಿ ಅಂಗಡಿ ತೆರೆದವರಿಂದ ಬಂದ ಈ ನಿಯಮವನ್ನು ನಾವು ಸೇರುವ ದಿನವೇ ಓದಿ ಸಹಿ ಹಾಕಿರುತ್ತೇವೆ. ಹಳಬರಿಗೆ ಹೆಚ್ಚು ಮತವಿಲ್ಲ ಎಂಬುದರ ಬೆಲೆ ನನಗೆ ಅಂದು ತಿಳಿಯಿತು. ನಾಲ್ಕನೆಯ ವರ್ಷದ ಒಬ್ಬಳು, "ನಾವೂ ಮೊದಲ ವರ್ಷ ಪಾತ್ರೆ ತಿಕ್ಕಿದವರೇ" ಎಂದಳು. ಆ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಅವಳಿಗೆ ಆ ವರ್ಷವನ್ನು ಹಿಂದಿರುಗಿಸುವ ದಾರಿ ನನ್ನ ಲೆಕ್ಕದಲ್ಲಿ ಇರಲಿಲ್ಲ, ಅಷ್ಟೇ. ಇಬ್ಬರು ಗೈರಾಗಿದ್ದರು. ಪರವಾಗಿ 19, ವಿರೋಧವಾಗಿ 11.

ಹೊಸ ಪಟ್ಟಿಯ ಮೊದಲ ವಾರವೇ ಪಾತ್ರೆಯ ಪಾಳಿಗಳು ಎಲ್ಲಕ್ಕಿಂತ ಮೊದಲು ಭರ್ತಿಯಾದವು. ವಾರಕ್ಕೆ ಎರಡು ರಾತ್ರಿ ತಿಕ್ಕಿದರೆ ನಾಲ್ಕೂವರೆ ಗಂಟೆ ಲೆಕ್ಕಕ್ಕೆ ಬಂದು ಉಳಿದ ದಿನಗಳು ಓದಿಗೆ ಬಿಡುವಾಗುತ್ತವೆ ಎಂದು ಹಳಬರು ನನಗಿಂತ ಬೇಗ ಲೆಕ್ಕ ಹಾಕಿದ್ದರು. ಸಭೆಯಲ್ಲಿ ಎದುರು ಮಾತಾಡಿದ ನಾಲ್ಕನೆಯ ವರ್ಷದವಳ ಹೆಸರು ಮಂಗಳವಾರದ ಸಾಲಿನಲ್ಲಿಯೂ ಇತ್ತು, ಗುರುವಾರದ ಸಾಲಿನಲ್ಲಿಯೂ ಇತ್ತು. ಸೂಪಿನ ಅಳತೆಯ ಹಾಳೆಯಲ್ಲಿ ನೀರಿನ ಎದುರು "ಎಂಟು ಪಟ್ಟು ಬೇಡ, ಆರರಿಂದ ಶುರುಮಾಡಿ, ಸೌಟು ಬಿಡಬೇಡಿ" ಎಂದು ಕೆಂಪು ಶಾಯಿಯಲ್ಲಿ ಬರೆದು ಒಲೆಯ ಮೇಲಿನ ಗೋಡೆಗೆ ಅಂಟಿಸಿದವಳೂ ಅವಳೇ.